ಮೇಲುಹೊಟ್ಟೆಯ ಎರಡು ಬೇನೆಗಳು
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿಪಾಳಿ ಮುಗಿಸಿ ಡೊಂಬಿವಲಿಗೋ ಕಲ್ಯಾಣಕ್ಕೋ ಹಿಂದಿರುಗಿದ ನಮ್ಮವನೊಬ್ಬನಿಗೆ ಹೊಟ್ಟೆ ನೋಯುತ್ತದೆ ಎಂದಿಟ್ಟುಕೊಳ್ಳಿ. ‘ವಾಯು ಇರಬೇಕು’ ಎಂದು ಗುಳಿಗೆ ನುಂಗಿ ಮಲಗುತ್ತಾನೆ. ಆಸ್ಪತ್ರೆಗೆ ಹೋದರೆ ಕೂಲಿ ಹೋದೀತೆಂಬ ಭಯ. ಆದರೆ ಮೇಲುಹೊಟ್ಟೆಯ ನೋವೆಲ್ಲವೂ ವಾಯುವಲ್ಲ.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ ಚಿಕ್ಕ ಚೀಲ. ಅದರ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಬಾವು ಬರುತ್ತದೆ. ನೋವು ಬಲಪಕ್ಕೆಯ ಕೆಳಗೆ ನಿಂತು ಬಲಹೆಗಲಿನವರೆಗೂ ಹೋಗಬಹುದು. ಜಿಡ್ಡಿನ ಊಟದ ಮೇಲೆ ಬರುವುದು ಹೆಚ್ಚು. ವೈದ್ಯರು ಅಲ್ಲಿ ಒತ್ತಿ ಉಸಿರೆಳೆಯಲು ಹೇಳಿದರೆ, ನೋವಿನಿಂದ ಉಸಿರು ಅರ್ಧಕ್ಕೇ ನಿಲ್ಲುತ್ತದೆ.

ಮೇದೋಜೀರಕ ಗ್ರಂಥಿಯು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿದೆ. ಅದಕ್ಕೆ ಬಾವು ಬಂದಾಗ ಅನ್ನವನ್ನು ಜೀರ್ಣಿಸಬೇಕಾದ ರಸವು ಗ್ರಂಥಿಯನ್ನೇ ಸುಡತೊಡಗುತ್ತದೆ. ನೋವು ಮೇಲುಹೊಟ್ಟೆಯ ನಡುವೆ ಹುಟ್ಟಿ ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚುವುದು, ಮುಂದಕ್ಕೆ ಬಾಗಿ ಕುಳಿತರೆ ಕೊಂಚ ಇಳಿಯುವುದು. ವಾಂತಿಯಾದರೂ ಶಮನವಿಲ್ಲ.

ಈ ಎರಡನೆಯ ಬೇನೆಗೆ ಮುಖ್ಯ ಕಾರಣಗಳು ಎರಡು: ಮದ್ಯ, ಮತ್ತು ಪಿತ್ತಕೋಶದಿಂದ ಜಾರಿದ ಕಲ್ಲು. ಒಂದೇ ಕಲ್ಲು ಎರಡು ಬೇನೆಗೂ ಮೂಲವಾಗಬಲ್ಲದು. ಆದುದರಿಂದ ಮನೆಯಲ್ಲೇ ತೀರ್ಮಾನಿಸತಕ್ಕದ್ದಲ್ಲ. ರಕ್ತದಲ್ಲಿ ಲೈಪೇಸ್ ಸಹಜ ಮಿತಿಯ 3 ಪಟ್ಟಿಗೇರಿದ್ದರೆ ಅದು ಮೇದೋಜೀರಕದ ಕಡೆ ಬೊಟ್ಟುಮಾಡುತ್ತದೆ; ಸೋನೋಗ್ರಫಿಯು ಪಿತ್ತಕೋಶದ ಕಲ್ಲನ್ನೂ ಬಾವನ್ನೂ ತೋರಿಸುತ್ತದೆ. ಹೃದಯಾಘಾತವೂ ಹೊಟ್ಟೆನೋವಿನ ವೇಷ ಹಾಕುವುದುಂಟು, ಇ.ಸಿ.ಜಿ. ತೆಗೆದರೆ ಬೇಡವೆನ್ನಬೇಡಿ. ಚಿಕಿತ್ಸೆಯೂ ಬೇರೆ ಬೇರೆ: ಪಿತ್ತಕೋಶವನ್ನು ಬಹುಮಟ್ಟಿಗೆ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ, ಮೇದೋಜೀರಕದ ಬಾವಿಗೆ ಮೊದಲು ಬೇಕಾದದ್ದು ಸಲೈನ್ ಮತ್ತು ನಿಗಾ.

ನೋವು ತಾಸುಗಟ್ಟಲೆ ಬಿಡದಿದ್ದರೆ, ಜ್ವರ, ಕಾಮಾಲೆ, ಎಡೆಬಿಡದ ವಾಂತಿ, ಏದುಸಿರು, ತಣ್ಣನೆಯ ಬೆವರು ಕಂಡರೆ ಕೂಡಲೇ ಹೊರಡಿ. ಕಳವೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರೀನಗರ, ವಾಶಿಯಲ್ಲಿ ಪಾಲಿಕೆಯ ಆಸ್ಪತ್ರೆ ಇವೆ. ಆಂಬುಲೆನ್ಸಿಗೆ 108. ದಾರಿಯಲ್ಲಿ ಏನನ್ನೂ ತಿನ್ನಿಸಬೇಡಿ. ಮದ್ಯ ಸೇವಿಸಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಅಲ್ಲಿ ನಾಚಿಕೆಪಟ್ಟರೆ ಪ್ರಾಣಕ್ಕೇ ಸಂಚಕಾರ.

ಇನ್ನು ಕೂಲಿಯ ಮಾತು. ಇ.ಎಸ್.ಐ. ವಂತಿಗೆ ಸಾಕಷ್ಟು ದಿನ ತೆತ್ತವರಿಗೆ, ಆ ವೈದ್ಯರ ಸರ್ಟಿಫಿಕೇಟಿನ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ. ಇದು ಯಾರ ದಯೆಯೂ ಅಲ್ಲ, ನಮ್ಮ ಹಕ್ಕು. ಕೂಲಿಯನ್ನು ನಾಳೆ ದುಡಿಯಬಹುದು, ದುಡಿಯುವವನು ಉಳಿಯಬೇಕಷ್ಟೆ.