ಸೋನೋಗ್ರಾಫಿ ವಿದ್ಯೆಯೂ ಅದರ ಅಭ್ಯಾಸಕ್ರಮವೂ



ಇಂದು ತಾಲೂಕಿನ ಊರುಗಳಲ್ಲಿ ಸಹ ‘ಸ್ಕ್ಯಾನಿಂಗ್ ಸೆಂಟರ್’ ಎಂಬ ಫಲಕವನ್ನು ಕಾಣದವರಿಲ್ಲ. ಹೊಟ್ಟೆನೋವೆಂದು ಹೋದವನಿಗೂ, ಬಸುರಿಗೂ, ಮೂತ್ರಪಿಂಡದಲ್ಲಿ ಹರಳು ಕಟ್ಟಿದವನಿಗೂ ವೈದ್ಯರು ಬರೆದುಕೊಡುವದು ಆ ಚೀಟಿಯನ್ನೇ. ತಣ್ಣನೆಯ ಲೋಳೆಯನ್ನು ಹೊಟ್ಟೆಗೆ ಸವರಿ, ಮುಷ್ಟಿಯಲ್ಲಿ ಹಿಡಿಯುವಂಥ ಸಣ್ಣದೊಂದು ಉಪಕರಣವನ್ನು ಅತ್ತಿತ್ತ ಒತ್ತಿ ನೋಡಿ, ತುಸು ಹೊತ್ತಿನಲ್ಲಿ ಕಾಗದವನ್ನು ಕೈಗೆ ಕೊಟ್ಟು ಕಳಿಸುವರು. ಯಂತ್ರವು ನೋಡಿತು, ಯಂತ್ರವು ಹೇಳಿತು ಎಂದೇ ಜನರು ತಿಳಿದಿರುವರು. ಆದರೆ ಯಂತ್ರವು ತಾನಾಗಿ ನೋಡುವದೂ ಇಲ್ಲ, ಹೇಳುವದೂ ಇಲ್ಲ. ನೋಡುವವನು ಮನುಷ್ಯನು, ಅವನ ಕೈ ತಿರುಗಿದತ್ತಲೇ ಯಂತ್ರದ ಕಣ್ಣು ತಿರುಗುವದು. ಆ ಕೈಯನ್ನು ಹದಗೊಳಿಸುವ ಶಿಕ್ಷಣವು ಎಂತಹದು, ಅದನ್ನು ಕಲಿತವನಿಗೆ ಪರದೇಶದಲ್ಲಿ ಯಾವ ಸ್ಥಾನವುಂಟು, ಈ ನಾಡಿನಲ್ಲಿ ಅವನಿಗೆ ಏನು ಮಾಡಲು ಬರುವದು, ಏನು ಮಾಡಲು ಬಾರದು ಎಂಬದೇ ಈ ಭಾಷಣದ ವಿಷಯವು. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ಮುಂದೇನು ಓದಿಸಬೇಕೆಂದು ಚಿಂತಿಸುವ ತಾಯಿತಂದೆಗಳು ಈ ಸಭೆಯಲ್ಲಿ ಬಹುಮಂದಿ ಇರುವದರಿಂದ ವಿಷಯವು ಅಪ್ರಸ್ತುತವೆನಿಸಲಾರದು.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುವದು. ಅದರಾಚೆಗಿನದಕ್ಕೆ ಶ್ರವಣಾತೀತ ಧ್ವನಿ, ಎಂದರೆ ಅಲ್ಟ್ರಾಸೌಂಡ್, ಎಂದು ಹೆಸರು. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಬಳಸುವ ಧ್ವನಿಯು ಸೆಕೆಂಡಿಗೆ 20 ಲಕ್ಷದಿಂದ ಒಂದೂವರೆ ಕೋಟಿ ಕಂಪನಗಳುಳ್ಳದ್ದು. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವದೆಂಬದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಸಹೋದರರು ಕಂಡುಹಿಡಿದರು. ವಿದ್ಯುತ್ತು ಕೊಟ್ಟರೆ ಅದೇ ಸ್ಫಟಿಕವು ನಡುಗುವದೆಂಬದೂ ಮರುವರುಷ ಸಿದ್ಧವಾಯಿತು. ರೋಗಿಯ ಮೈಮೇಲೆ ಆಡಿಸುವ ‘ಪ್ರೋಬ್’ ಎಂಬ ಉಪಕರಣದ ಒಳಗಿರುವದು ಇಂಥ ಗುಣವುಳ್ಳ ಪದಾರ್ಥವೇ. ಅದು ಕೂಗುವದು ಕ್ಷಣಮಾತ್ರ, ಆಲಿಸುವದು ಬಹಳ ಹೊತ್ತು. ಮೃದುವಾದ ಅಂಗಗಳಲ್ಲಿ ಧ್ವನಿಯು ಸೆಕೆಂಡಿಗೆ ಸರಾಸರಿ 1540 ಮೀಟರು ಚಲಿಸುವದೆಂದು ಹಿಡಿದು, ಮರುದನಿ ಬರಲು ತಗಲಿದ ಕಾಲದಿಂದ ಯಂತ್ರವು ಆಳವನ್ನು ಎಣಿಸುವದು. ಬಾವಿಗೆ ಕಲ್ಲು ಹಾಕಿ, ಸಪ್ಪಳ ಕೇಳಿ, ನೀರು ಎಷ್ಟು ಆಳದಲ್ಲಿದೆಯೆಂದು ಅಂದಾಜು ಮಾಡುವ ಒಕ್ಕಲಿಗನ ಲೆಕ್ಕಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಈ ಉಪಾಯವನ್ನು ಮೊದಲು ಬಳಸಿದವರು ವೈದ್ಯರಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ನೀರೊಳಗೆ ಅಡಗಿದ ಶತ್ರುನೌಕೆಗಳನ್ನು ಹುಡುಕುವ ಸಲುವಾಗಿ ಫ್ರಾನ್ಸಿನ ಲಾಂಜೆವಿನ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗಿಸಿದರು. ತರುವಾಯ ಕಾರಖಾನೆಗಳವರು ಲೋಹದೊಳಗಿನ ಬಿರುಕು ಶೋಧಿಸಲು ಬಳಸಿದರು. ಸ್ಕಾಟ್ಲಂಡಿನ ಗ್ಲಾಸ್ಗೋ ನಗರದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡ್ ಇವರು 1955ರ ಜುಲೈ ತಿಂಗಳಲ್ಲಿ, ಶಸ್ತ್ರಕ್ರಿಯೆಯಿಂದ ಹೊರತೆಗೆದ ಗಡ್ಡೆಗಳನ್ನು ಮೋಟಾರಿನಲ್ಲಿಟ್ಟುಕೊಂಡು ಹತ್ತಿರದ ರೆನ್‌ಫ್ರೂ ಎಂಬಲ್ಲಿಯ ಬಾಯ್ಲರು ಕಾರಖಾನೆಗೆ ಹೋದರು. ಲೋಹ ಪರೀಕ್ಷಿಸುವ ಯಂತ್ರವನ್ನು ಅವುಗಳಿಗೆ ಹಿಡಿದಾಗ ನೀರು ತುಂಬಿದ ಗಡ್ಡೆಯು ಒಂದು ಬಗೆಯ ಮರುದನಿಯನ್ನೂ, ಗಟ್ಟಿಯಾದ ಗಡ್ಡೆಯು ಇನ್ನೊಂದು ಬಗೆಯದನ್ನೂ ಕೊಟ್ಟವು. ಮರುವರುಷ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರು ಈ ಸುದ್ದಿಯನ್ನು ಕೇಳಿ ಡೊನಾಲ್ಡರಿಗೆ ಟೆಲಿಫೋನು ಮಾಡಿದರು. ಆ ಒಂದು ಕರೆಯಿಂದ ವೈದ್ಯನ ವಿದ್ಯೆಯೂ ಯಂತ್ರಜ್ಞನ ವಿದ್ಯೆಯೂ ಕೂಡಿದವು. ಅವರ ಪ್ರಯೋಗಗಳ ಆರಂಭದ ದಿನಗಳಲ್ಲಿಯೇ, ಹೊಟ್ಟೆಯ ಕ್ಯಾನ್ಸರು, ಇನ್ನು ಉಪಾಯವಿಲ್ಲ ಎಂದು ಇತರ ವೈದ್ಯರು ಕೈಬಿಟ್ಟಿದ್ದ ಒಬ್ಬ ಹೆಂಗಸನ್ನು ಪರೀಕ್ಷಿಸಲಾಗಿ, ಅವಳ ಉದರದಲ್ಲಿದ್ದದ್ದು ಕ್ಯಾನ್ಸರಲ್ಲ, ಅಂಡಾಶಯದ ದೊಡ್ಡದೊಂದು ನೀರುಗಡ್ಡೆ ಎಂದು ತಿಳಿದುಬಂದಿತು. ಅದನ್ನು ತೆಗೆದರು, ಹೆಂಗಸು ಬದುಕಿದಳು. ಜಾನ್ ಮ್ಯಾಕ್‌ವಿಕರ್ ಎಂಬ ವೈದ್ಯರೊಡನೆ ಇವರಿಬ್ಬರೂ ಬರೆದ ಲೇಖನವು 1958ರ ಜೂನ್ 7ನೆಯ ತಾರೀಖಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬಳಿಕ ಈ ವಿದ್ಯೆಯನ್ನು ನಗುವವರು ಕಡಿಮೆಯಾದರು.

ಟಾಮ್ ಬ್ರೌನರಿಗೆ ಬೇಗನೆ ಒಂದು ಸಂದೇಹವು ಹುಟ್ಟಿತು. ಉಪಕರಣವನ್ನು ಆಡಿಸುವವನು ತನಗೆ ಬೇಕಾದಲ್ಲಿ ಹೆಚ್ಚು ಹೊತ್ತು ನಿಂತು, ಬೇಡವಾದದ್ದನ್ನು ಬೇಗ ದಾಟಿದರೆ ಚಿತ್ರವೇ ಅವನ ಮನಸ್ಸಿನಂತೆ ಆಗಿಬಿಡುವದಲ್ಲವೇ! ಕೈಯ ಪಕ್ಷಪಾತವನ್ನು ತಪ್ಪಿಸುವ ಸಲುವಾಗಿ ಅವರು ತಾನೇ ತಾನಾಗಿ ಚಲಿಸುವ ಯಂತ್ರವೊಂದನ್ನು ರಚಿಸಿದರು. ಆದರೆ ಕಾಲವು ಅದರ ಕಡೆಗೆ ತಿರುಗಲಿಲ್ಲ. ಇಂದಿಗೂ ಹೆಚ್ಚಿನ ಪರೀಕ್ಷೆಗಳಲ್ಲಿ ಪ್ರೋಬು ಮನುಷ್ಯನ ಕೈಯಲ್ಲಿಯೇ ಇರುವದು. ಬ್ರೌನರ ಸಂದೇಹವು ಮಾತ್ರ ಹಾಗೆಯೇ ಉಳಿಯಿತು. ಎಕ್ಸ್‌ರೇ ಹಾಳೆಯಲ್ಲಿ ಎದೆಯ ನೆರಳೆಲ್ಲವೂ ಒಮ್ಮೆಗೇ ಬೀಳುವದು. ಒಬ್ಬನು ಕಾಣದ್ದನ್ನು ಇನ್ನೊಬ್ಬನು ಅದೇ ಹಾಳೆಯಲ್ಲಿ ಕಂಡಾನು. ಇಲ್ಲಿ ಹಾಗಿಲ್ಲ. ಪರೀಕ್ಷಿಸಿದವನು ನೋಡದೆ ಬಿಟ್ಟ ಮೂಲೆಯು ಚಿತ್ರದಲ್ಲಿಯೂ ಇರಲಾರದು. ಇಲ್ಲದ ಚಿತ್ರದಲ್ಲಿ ತಪ್ಪನ್ನು ಯಾರು ಹುಡುಕುವರು? ಈ ವಿದ್ಯೆಯ ಶಿಕ್ಷಣವೆಲ್ಲ ಈ ಒಂದು ಭಯದ ಸುತ್ತ ಕಟ್ಟಿದ್ದೆಂದರೆ ತಪ್ಪಾಗಲಾರದು.

ಈ ಕೆಲಸವನ್ನು ಪ್ರತ್ಯೇಕ ಉದ್ಯೋಗವನ್ನಾಗಿ ಬೆಳೆಸಿದ ದೇಶಗಳಲ್ಲಿ ಅಮೇರಿಕೆಯು ಮುಖ್ಯವಾದದ್ದು. ಅಲ್ಲಿ ಪ್ರೋಬು ಹಿಡಿಯುವವರು ಬಹುಮಟ್ಟಿಗೆ ವೈದ್ಯರಲ್ಲ; ಸೋನೋಗ್ರಾಫರ್ ಎಂಬವರು. ಅವರು ತೆಗೆದಿಟ್ಟ ಚಿತ್ರಗಳನ್ನು ವೈದ್ಯರು ನೋಡಿ ರೋಗವನ್ನು ನಿರ್ಣಯಿಸುವರು. ಇವರ ಸಂಘವು 1970ರಲ್ಲಿ ಹುಟ್ಟಿತು. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ರಿಜಿಸ್ಟ್ರಿಯು 1975ರಲ್ಲಿ ಏರ್ಪಟ್ಟಿತು. ಶಾಲೆ ಮುಗಿಸಿ ಬಂದವರಿಗೆ ಎರಡು ವರುಷಗಳ ಅಥವಾ ನಾಲ್ಕು ವರುಷಗಳ ಪದವಿಯೂ, ದಾದಿಯರಂತೆ ಮೊದಲೇ ಆಸ್ಪತ್ರೆಯ ಕೆಲಸ ಬಲ್ಲವರಿಗೆ ಒಂದೊಂದೂವರೆ ವರುಷದ ಅಭ್ಯಾಸವೂ ಉಂಟು. ಶರೀರರಚನೆ, ಭೌತಶಾಸ್ತ್ರ, ಬೀಜಗಣಿತಗಳನ್ನು ಮೊದಲು ಓದಬೇಕು. ಅನಂತರ ಸಹಪಾಠಿಗಳು ಒಬ್ಬರ ಹೊಟ್ಟೆಯನ್ನೊಬ್ಬರು ಪರೀಕ್ಷಿಸುತ್ತ ಕೈ ತಿದ್ದಿಕೊಳ್ಳುವರು. ಆಮೇಲೆ ಆಸ್ಪತ್ರೆಯಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ, ನಿಜವಾದ ರೋಗಿಗಳು. ಕೊನೆಗೆ ಎರಡು ಪರೀಕ್ಷೆಗಳು: ಧ್ವನಿಯ ತತ್ತ್ವವನ್ನೂ ಯಂತ್ರವನ್ನೂ ಕುರಿತದ್ದೊಂದು, ಉದರ, ಪ್ರಸೂತಿ, ಹೃದಯ, ರಕ್ತನಾಳ ಮೊದಲಾದವುಗಳಲ್ಲಿ ತಾನು ಆರಿಸಿಕೊಂಡ ಶಾಖೆಯದು ಇನ್ನೊಂದು. ತೇರ್ಗಡೆಯಾದ ಮೇಲೂ ಮೂರು ವರುಷಕ್ಕೊಮ್ಮೆ 30 ಅಂಕಗಳಷ್ಟು ಹೊಸ ಅಭ್ಯಾಸವನ್ನು ಮಾಡಿ ತೋರಿಸಬೇಕು.

ವಿದ್ಯಾರ್ಥಿನಿಯೊಬ್ಬಳು ಪಿತ್ತಕೋಶವನ್ನು ನೋಡಲು ಕಲಿಯುವ ಬಗೆಯನ್ನು ತಿಳಿದರೆ ಉಳಿದದ್ದೆಲ್ಲ ತಿಳಿದಂತೆಯೇ. ರೋಗಿಯು ಆರೆಂಟು ತಾಸು ಉಪವಾಸವಿದ್ದು ಬರಬೇಕು. ಉಂಡು ಬಂದರೆ ಪಿತ್ತಕೋಶವು ಕುಗ್ಗಿ ಕಾಣದಾಗುವದು. ಚರ್ಮಕ್ಕೂ ಪ್ರೋಬಿಗೂ ನಡುವೆ ಕೂದಲೆಳೆಯಷ್ಟು ಗಾಳಿ ನಿಂತರೂ ಧ್ವನಿಯು ಒಳಹೋಗದು. ಲೋಳೆಯನ್ನು ಸವರುವದು ಇದಕ್ಕಾಗಿಯೇ. ಪ್ರೋಬನ್ನು ಜಾರಿಸುವದು, ಓರೆಮಾಡುವದು, ಇದ್ದಲ್ಲಿಯೇ ತಿರುಗಿಸುವದು ಎಂಬ ಚಲನೆಗಳನ್ನು ಅವಳು ಒಂದೊಂದಾಗಿ ರೂಢಿಸಿಕೊಳ್ಳುವಳು. ಅಂಗವನ್ನು ಉದ್ದಕ್ಕೂ ನೋಡಬೇಕು, ಅಡ್ಡಕ್ಕೂ ನೋಡಬೇಕು. ಕಲ್ಲಿದ್ದರೆ ಅದು ಬೆಳ್ಳಗೆ ಹೊಳೆಯುವದು. ಆದರೆ ಹೊಳೆಯುವದೆಲ್ಲವೂ ಕಲ್ಲಲ್ಲ. ಕಲ್ಲು ಧ್ವನಿಯನ್ನು ತಡೆಯುವದರಿಂದ ಅದರ ಹಿಂದೆ ಕರಿಯ ನೆರಳು ಬೀಳುವದು. ಆ ನೆರಳೇ ಕಲ್ಲಿನ ಸಾಕ್ಷಿಯು. ಅಷ್ಟಕ್ಕೇ ನಿಲ್ಲಬಾರದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಮತ್ತೆ ನೋಡಬೇಕು: ಕಲ್ಲಾದರೆ ಉರುಳುವದು, ಗೋಡೆಗೆ ಹತ್ತಿದ ಮಾಂಸದ ಕುಡಿಯಾದರೆ ನಿಂತಲ್ಲಿಯೇ ನಿಲ್ಲುವದು. ಸಾಲಿನಲ್ಲಿ ಕೂತ ರೋಗಿಗಳು ಬಹಳವಿದ್ದಾಗ, ತೋಳು ಸೋತಾಗ, ಸ್ಥೂಲಕಾಯದ ರೋಗಿಯನ್ನು ಹೊರಳಿಸುವದು ಬೇಡವೆನಿಸುವದು. ಹೊರಳಿಸಲಿಲ್ಲವೆಂದು ಕೇಳುವವರು ಯಾರೂ ಇಲ್ಲ. ಸೋನೋಗ್ರಾಫರರಲ್ಲಿ ಹೆಗಲು, ಮಣಿಕಟ್ಟುಗಳ ನೋವಿಲ್ಲದವರು ವಿರಳವೆಂಬದನ್ನು ಇಲ್ಲಿ ಮರೆಯಬಾರದು. ಕುಳಿತು ಮಾಡುವ ಸುಖದ ಕೆಲಸವೆಂದು ಬಗೆದು ಬರುವವರಿಗೆ ಇದನ್ನು ಮೊದಲೇ ಹೇಳುವದು ಒಳ್ಳೆಯದು.

ಕೈಯ ಶಿಕ್ಷಣಕ್ಕಿಂತ ಕಠಿಣವಾದದ್ದು ಇನ್ನೊಂದುಂಟು. ಗರ್ಭಿಣಿಯು ಮಂಚದ ಮೇಲೆ ಮಲಗಿರುವಳು; ಪಕ್ಕದಲ್ಲಿ ಗಂಡನು ನಿಂತಿರುವನು. ಪರದೆಯ ಮೇಲೆ ಶಿಶುವಿನ ಆಕಾರವು ಕಾಣುವದು, ಎದೆಬಡಿತವು ಕಾಣದು. ‘ಎಲ್ಲವೂ ಸರಿಯಾಗಿರುವದಷ್ಟೆ?’ ಎಂದು ತಾಯಿಯು ಕೇಳುವಳು. ಅಮೇರಿಕೆಯ ಪದ್ಧತಿಯಲ್ಲಿ ರೋಗನಿರ್ಣಯವನ್ನು ತಿಳಿಸುವ ಅಧಿಕಾರವು ವೈದ್ಯರದು. ಸೋನೋಗ್ರಾಫರಳು ಅದನ್ನು ತನ್ನ ಬಾಯಿಂದ ಹೇಳುವಂತಿಲ್ಲ. ಸುಳ್ಳು ಸಮಾಧಾನವನ್ನೂ ಹೇಳಬಾರದು. ಉಸಿರಿನ ಗತಿ ಬದಲಾಗದಂತೆ, ಮುಖವು ಬಾಡದಂತೆ ನೋಡಿಕೊಂಡು, ವೈದ್ಯರನ್ನು ಕರೆತರುವವರೆಗೆ ಅವಳು ಆ ಕೋಣೆಯಲ್ಲಿ ಇರಬೇಕು. ಇದನ್ನು ಯಾವ ಪಠ್ಯಪುಸ್ತಕದಿಂದ ಕಲಿಯುವದು? ಹಿರಿಯರ ಪಕ್ಕದಲ್ಲಿ ಹಲವು ಸಲ ನಿಂತು, ಅವರು ಆ ಗಳಿಗೆಯನ್ನು ಹೇಗೆ ದಾಟುವರೆಂದು ನೋಡಿಯೇ ಕಲಿಯಬೇಕು. ಬ್ರಿಟನ್ನಿನಲ್ಲಿ ಮಾತ್ರ ಕ್ರಮವು ಬೇರೆ; ಅಲ್ಲಿ ಸೋನೋಗ್ರಾಫರರೇ ವರದಿಯನ್ನು ಬರೆಯುವರು, ಆದ್ದರಿಂದ ಅವರ ಶಿಕ್ಷಣವೂ ಬಹುತರವಾಗಿ ಪದವಿಯ ನಂತರದ್ದು.

ಇಷ್ಟು ಕೇಳಿದವರಿಗೆ, ಅಲ್ಲಿ ಎರಡು ವರುಷದಲ್ಲಿ ಆಗುವ ಉದ್ಯೋಗವು ಇಲ್ಲಿ ಯಾಕಾಗಬಾರದು ಎಂಬ ಪ್ರಶ್ನೆಯು ಸಹಜವಾಗಿ ಬರುವದು. ಅದಕ್ಕೆ ಉತ್ತರವು ಈ ದೇಶದವರು ನಾಚಬೇಕಾದದ್ದು. ಶಿಶುವಿನ ಕ್ಷೇಮ ನೋಡಲೆಂದು ಬಂದ ವಿದ್ಯೆಯನ್ನು ಜನರು ಅದು ಗಂಡೋ ಹೆಣ್ಣೋ ಎಂದು ತಿಳಿಯಲೂ, ಹೆಣ್ಣಾದರೆ ತೆಗೆಸಲೂ ಬಳಸತೊಡಗಿದರು. ಆರು ವರುಷದೊಳಗಿನ ಗಂಡುಮಕ್ಕಳು ಸಾವಿರವಿದ್ದಲ್ಲಿ ಹೆಣ್ಣುಮಕ್ಕಳು 1991ರ ಜನಗಣತಿಯಲ್ಲಿ 945 ಇದ್ದರು. 2001ರಲ್ಲಿ 927 ಆದರು. 2011ರಲ್ಲಿ 920ಕ್ಕೂ ಕೆಳಗಿಳಿದರು. ಇದನ್ನು ತಡೆಯುವ ಸಲುವಾಗಿ 1994ರಲ್ಲಿ ಕಾಯದೆಯು ಹುಟ್ಟಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರಲ್ಲಿ ಅದನ್ನು ಬಿಗಿಗೊಳಿಸಿದರು. ಯಂತ್ರವನ್ನಿಟ್ಟ ಸ್ಥಳವು ನೋಂದಣಿಯಾಗಿರಬೇಕು. ಪ್ರತಿಯೊಬ್ಬ ಗರ್ಭಿಣಿಯ ಪರೀಕ್ಷೆಗೂ ‘ಫಾರ್ಮ್ ಎಫ್’ ಎಂಬ ಪತ್ರವನ್ನು ತುಂಬಿಡಬೇಕು. ಗರ್ಭಸ್ಥ ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ ತಿಳಿಸಕೂಡದು. ಪರೀಕ್ಷಿಸುವವರು ಅರ್ಹತೆಯುಳ್ಳ ವೈದ್ಯರೇ ಆಗಿರಬೇಕು. 2014ರ ನಿಯಮಗಳು ಎಂ.ಬಿ.ಬಿ.ಎಸ್. ಮುಗಿಸಿದವರಿಗೂ ಈ ಕೆಲಸಕ್ಕೆ ಆರು ತಿಂಗಳಲ್ಲಿ 300 ತಾಸುಗಳ ಶಿಕ್ಷಣವನ್ನು ಗೊತ್ತುಪಡಿಸಿದವು.

ಕಾಯದೆಯು ವೈದ್ಯರನ್ನಷ್ಟೇ ಹಿಡಿಯುವದೆಂದು ಭಾವಿಸಬಾರದು. ಲಿಂಗ ತಿಳಿಯಲು ಕರೆದೊಯ್ದ ಗಂಡನಿಗೂ ಬಂಧುಗಳಿಗೂ ಮೂರು ವರುಷದವರೆಗೆ ಸೆರೆಮನೆಯೂ 50,000 ರೂಪಾಯಿಯವರೆಗೆ ದಂಡವೂ ಉಂಟು. ಬಸುರಿಯನ್ನು ಮಾತ್ರ, ಅವಳು ಗಂಡನ ಮತ್ತು ಮನೆಯವರ ಬಲವಂತದಿಂದ ಬಂದಳೆಂದೇ ಕಾಯದೆಯು ಮೊದಲು ಹಿಡಿಯುವದು. ಮನೆಯೊಳಗಿನ ಸ್ಥಿತಿಯನ್ನು ಬಲ್ಲವರೇ ಇದನ್ನು ಬರೆದಿರಬೇಕು. ‘ಅವ್ವಾ, ಪೇಢೆ ಹಂಚೋಣವೋ ಜಿಲೇಬಿ ಹಂಚೋಣವೋ?’ ಎಂದು ಬಾಗಿಲ ಹೊರಗೆ ನಿಂತು ನಗುತ್ತ ಕೇಳುವ ಅತ್ತೆಯು ತಾನು ಅಪರಾಧವನ್ನು ಕೇಳುತ್ತಿರುವೆನೆಂದು ಬಗೆಯಲಾರಳು. ಸೊಸೆಗೆ ಮಾತ್ರ ಆ ನಗೆಯ ಅರ್ಥವು ತಿಳಿದಿರುವದು.

ಹಾಗಾದರೆ ಈ ವಿದ್ಯೆಯ ಕಡೆಗೆ ಒಲಿದ ಮಗನಿಗೋ ಮಗಳಿಗೋ ದಾರಿಯಿಲ್ಲವೇ? ಉಂಟು. ಬೆಂಗಳೂರಿನ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ವೈದ್ಯಕೀಯ ಚಿತ್ರಣದ ಬಿ.ಎಸ್‌ಸಿ. ಪದವಿಯುಂಟು, ಹೃದಯದ ಶಾಖೆಯಲ್ಲಿ ಬೇರೆ ಪದವಿಯುಂಟು. ಹೃದಯವನ್ನು ಧ್ವನಿಯಿಂದ ನೋಡುವ ‘ಎಕೋ’ ಪರೀಕ್ಷೆಯಲ್ಲಿ ದೊಡ್ಡ ಆಸ್ಪತ್ರೆಗಳು ಶಿಕ್ಷಿತ ತಂತ್ರಜ್ಞರನ್ನು ವೈದ್ಯರ ಕೈಕೆಳಗೆ ಇಟ್ಟುಕೊಳ್ಳುವವು. 2021ರಲ್ಲಿ ಆರೋಗ್ಯಸೇವೆಯ ಸಹವೃತ್ತಿಗಳ ಸಲುವಾಗಿ ಪಾರ್ಲಿಮೆಂಟು ಮಾಡಿದ ಕಾಯದೆಯ ಪಟ್ಟಿಯಲ್ಲಿ ಸೋನೋಗ್ರಾಫರರ ಹೆಸರೂ ಸೇರಿದೆ. ಆದರೆ ಆ ಹೆಸರು ಸೇರಿದ ಮಾತ್ರಕ್ಕೆ 1994ರ ಕಾಯದೆಯು ಸಡಿಲಲಿಲ್ಲ. ವೈದ್ಯನಲ್ಲದವನು ಗರ್ಭಿಣಿಯ ಹೊಟ್ಟೆಯ ಮೇಲೆ ಸ್ವತಂತ್ರವಾಗಿ ಪ್ರೋಬು ಇಡುವದು ಈ ದೇಶದಲ್ಲಿ ಇಂದಿಗೂ ಅಪರಾಧವೇ. ಪರದೇಶದ ಸಂಬಳದ ಮಾತನ್ನು ಕೇಳಿ ಇಲ್ಲಿ ಹಣ ಕಟ್ಟುವವರು ಈ ಭೇದವನ್ನು ತಿಳಿದಿರುವದಿಲ್ಲ. ತಿಳಿಸಬೇಕಾದವರು ಎಲ್ಲರೂ ತಿಳಿಸುವದೂ ಇಲ್ಲ.

ಆದುದರಿಂದ ಮಗನನ್ನೋ ಮಗಳನ್ನೋ ಸೇರಿಸಹೋದ ತಂದೆಯು ಕಟ್ಟಡವನ್ನೂ ಯಂತ್ರದ ಬೆಲೆಯನ್ನೂ ನೋಡಿ ಮರುಳಾಗದೆ ಕೆಲವು ಮಾತುಗಳನ್ನು ಕೇಳಲಿ. ಈ ಪದವಿಯನ್ನು ಯಾವ ವಿಶ್ವವಿದ್ಯಾಲಯವು ಕೊಡುವದು? ಕಲಿಯುವವನು ಪ್ರೋಬನ್ನು ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು, ಯಾರ ಎದುರಿನಲ್ಲಿ ಹಿಡಿಯುವನು? ಅವನು ತೆಗೆದ ಚಿತ್ರವನ್ನು ಅದೇ ದಿನ ಕೂತು ತಿದ್ದುವವರು ಯಾರು? ಈ ಕೊನೆಯ ಪ್ರಶ್ನೆಗೆ ಒಬ್ಬ ಮನುಷ್ಯನನ್ನು ತೋರಿಸಿ, ‘ಇವರು’ ಎಂದು ಹೇಳುವ ಕಡೆಗೆ ಮಕ್ಕಳನ್ನು ಸೇರಿಸಬಹುದು. ಮೂರು ತಿಂಗಳಲ್ಲಿ ಸರ್ಟಿಫಿಕೇಟು ಕೈಗೆ ಬರುವದೆಂದು ಹೇಳುವ ಕಡೆಯಿಂದ, ತಂದ ಹಣವನ್ನು ಕಟ್ಟದೆ, ಸಂಜೆಯ ಬಸ್ಸಿಗೆ ಊರಿಗೆ ಮರಳಬಹುದು.