ಒಂದು ಹೆಸರು, ಎರಡು ಒಲೆ

ಒಂದೇ ಶಬ್ದ ಸಮುದ್ರದ ಎರಡು ದಡಗಳಲ್ಲಿ ಎರಡು ಬಗೆಯಾಗಿ ಬಾಳುವುದುಂಟು. ‘ಬಾರ್ಬೆಕ್ಯೂ’ ಅಂಥದೊಂದು ಶಬ್ದ. ಲಂಡನ್ನಿನ ಗೃಹಸ್ಥನೊಬ್ಬ “ಸಂಜೆ ನಮ್ಮಲ್ಲಿ ಬಾರ್ಬೆಕ್ಯೂ, ಬನ್ನಿ” ಎಂದು ಕರೆದರೆ, ಟೆಕ್ಸಾಸಿನ ಅತಿಥಿ ನೆನೆಸಿಕೊಳ್ಳುವ ಊಟ ಒಂದು, ಅವನ ತಟ್ಟೆಗೆ ಬೀಳುವುದು ಮತ್ತೊಂದು. ಇದರಲ್ಲಿ ಇಬ್ಬರ ತಪ್ಪೂ ಇಲ್ಲ.

ಶಬ್ದ ಇವರಿಬ್ಬರ ಸ್ವಂತದ್ದೂ ಅಲ್ಲ. ಕೆರಿಬಿಯನ್ ದ್ವೀಪಗಳ ತೈನೊ ಜನರ ನುಡಿಯಿಂದ ಅದು ಸ್ಪ್ಯಾನಿಷ್ ಭಾಷೆಗೆ ಬಂತು. ಮರದ ಕೋಲುಗಳಿಂದ ಕಟ್ಟಿದ ಅಟ್ಟಣೆ ಎಂಬುದು ಅದರ ಅರ್ಥ. 1755ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ನರು ಇದನ್ನು ಇಡೀ ಹಂದಿಯನ್ನು ಬೇಯಿಸುವ ವೆಸ್ಟ್ ಇಂಡೀಸಿನ ಕ್ರಮವೆಂದು ವಿವರಿಸಿದರು. ಅಂದಿನ ಇಂಗ್ಲೆಂಡಿಗೆ ಅದು ದೂರದೇಶದ ಸುದ್ದಿ.

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬಾರ್ಬೆಕ್ಯೂ ಎಂದರೆ ತಾಳ್ಮೆಯ ಅಡುಗೆ. ಹಿಕರಿ ಅಥವಾ ಓಕ್ ಕಟ್ಟಿಗೆಯ ಹೊಗೆಯಲ್ಲಿ, ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ದನದ ಎದೆಭಾಗದ ಮಾಂಸ ಹನ್ನೆರಡು ಗಂಟೆಗೂ ಮೀರಿ ಬೇಯುವುದುಂಟು. ಕಾರಣ ಸರಳವಾದದ್ದು. ಆ ಭಾಗದ ಮಾಂಸ ಗಡುಸು. ಅದರ ಬಿಗಿಯಾದ ನಾರು ಮೆಲ್ಲಮೆಲ್ಲನೆ ಕರಗಿದರೆ ಮಾತ್ರ ಮೃದುವಾಗುತ್ತದೆ. ಆತುರಪಟ್ಟರೆ ಹಲ್ಲಿಗೆ ಸವಾಲು. ಅಲ್ಲಿಯೂ ಮತಭೇದಗಳುಂಟು: ಉತ್ತರ ಕೆರೊಲೈನಾದ ಪೂರ್ವಭಾಗದವರಿಗೆ ಇಡೀ ಹಂದಿ ಮತ್ತು ವಿನೆಗರ್, ಕ್ಯಾನ್ಸಸ್ ಸಿಟಿಯವರಿಗೆ ಟೊಮೆಟೊ ಮತ್ತು ಕಾಕಂಬಿಯ ಸಿಹಿ ಸಾರ.

ಇಂಗ್ಲೆಂಡಿನಲ್ಲಾದರೋ ಒಲೆಯೂ ಬಾರ್ಬೆಕ್ಯೂ, ಅಡುಗೆಯೂ ಬಾರ್ಬೆಕ್ಯೂ, ಕೂಟವೂ ಬಾರ್ಬೆಕ್ಯೂ. ಇದ್ದಿಲ ಕೆಂಡದ ಮೇಲಿನ ಜಾಲರಿಯಲ್ಲಿ ಸಾಸೇಜುಗಳನ್ನೂ ಬರ್ಗರುಗಳನ್ನೂ ನೇರವಾಗಿ ಸುಟ್ಟು, ಕೊಂಚ ಹೊತ್ತಿನಲ್ಲೇ ಬಡಿಸುತ್ತಾರೆ. ಅಮೆರಿಕನ್ನನ ಮಾತಿನಲ್ಲಿ ಇದು ‘ಗ್ರಿಲ್’. ಇಂಗ್ಲಿಷ್ ಗೃಹಿಣಿಗೋ ಗ್ರಿಲ್ ಎಂದರೆ ಅಡುಗೆಮನೆಯ ಒಲೆಯಲ್ಲಿ ಮೇಲಿನಿಂದ ಬೀಳುವ ಶಾಖ! ಜುಲೈ ನಾಲ್ಕರಂದು ತನ್ನ ಹಿತ್ತಿಲಲ್ಲಿ ಬರ್ಗರು ಸುಡುವ ಅಮೆರಿಕನ್ನನೂ ಅದನ್ನು ಬಾರ್ಬೆಕ್ಯೂ ಎನ್ನುವುದುಂಟು; ಆಗ ಆಕ್ಷೇಪಿಸುವವನು ದಕ್ಷಿಣದವನು. ಆಂಗ್ಲನ ಅವಸರಕ್ಕೆ ಆಕಾಶವೂ ಹೊಣೆ. ಅಲ್ಲಿಯ ಬೇಸಗೆ ಚಿಕ್ಕದು. ಬಿಸಿಲು ಕಂಡ ಶನಿವಾರವನ್ನು ಬಿಡುವಂತಿಲ್ಲ. ಮಳೆ ಬಂದರೆ ಒಬ್ಬನು ಕೊಡೆ ಹಿಡಿದು ನಿಲ್ಲುತ್ತಾನೆ, ಊಟ ನಿಲ್ಲುವುದಿಲ್ಲ.

ಇಷ್ಟೇ ಆಗಿದ್ದರೆ ಇದು ರುಚಿಯ ಮಾತಾಗಿ ಮುಗಿಯುತ್ತಿತ್ತು. ಆದರೆ ದಕ್ಷಿಣದವನು ಈ ಶಬ್ದಕ್ಕಾಗಿ ಹಟ ಹಿಡಿಯುವುದರ ಹಿಂದೆ ಒಂದು ಇತಿಹಾಸವಿದೆ. 1769ರಲ್ಲಿ ಜಾರ್ಜ್ ವಾಷಿಂಗ್ಟನ್ ಅಲೆಕ್ಸಾಂಡ್ರಿಯಾದ ಬಾರ್ಬೆಕ್ಯೂ ಒಂದಕ್ಕೆ ಹೋದುದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆ ಕಾಲದ ದಕ್ಷಿಣದ ದೊಡ್ಡ ಔತಣಗಳಲ್ಲಿ ಗುಂಡಿ ತೋಡಿ, ಕಟ್ಟಿಗೆ ಒಡೆದು, ರಾತ್ರಿಯೆಲ್ಲ ಕೆಂಡ ಕಾದವರು ಬಹುಮಟ್ಟಿಗೆ ಆಫ್ರಿಕ ಮೂಲದ ಗುಲಾಮರು. ಉಂಡವರ ಹೆಸರುಗಳು ಉಳಿದವು. ನಿದ್ದೆಗೆಟ್ಟವರ ಹೆಸರುಗಳು ಹೆಚ್ಚಾಗಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಾರಿದ ಕರಿಯ ಪಾಕಜ್ಞ ಹೆನ್ರಿ ಪೆರಿ, ಹೆಸರು ಉಳಿದ ಕೆಲವರಲ್ಲಿ ಒಬ್ಬ. ಆ ನಗರದ ಬಾರ್ಬೆಕ್ಯೂ ಪರಂಪರೆಗೆ ಅವನೇ ಮೂಲಪುರುಷ.

ಆದುದರಿಂದ ಯಾರ ಬಾರ್ಬೆಕ್ಯೂ ನಿಜವಾದದ್ದು ಎಂಬ ಜಗಳದಲ್ಲಿ ನಾನು ತೀರ್ಪು ಕೊಡಲಾರೆ. ಆಂಗ್ಲನು ಮೋಡಗಳ ನಡುವೆ ಒಂದು ಸಂಜೆಯನ್ನು ಗೆಳೆಯರೊಡನೆ ಗಳಿಸಿಕೊಳ್ಳುತ್ತಾನೆ. ಅದು ಸಣ್ಣ ಸಂತೋಷವೇನಲ್ಲ. ದಕ್ಷಿಣದ ಅಮೆರಿಕನ್ನನ ತಟ್ಟೆಯಲ್ಲಿ ಮಾತ್ರ ಒಂದು ಇಡೀ ರಾತ್ರಿಯ ದುಡಿಮೆ ಇರುತ್ತದೆ. ಆ ದುಡಿಮೆ ಮೊದಲು ಯಾರದಾಗಿತ್ತು ಎಂಬುದನ್ನು ಉಣ್ಣುವವನು ಮರೆಯದಿದ್ದರೆ ಸಾಕು.