ಗದ್ದದ ಗಾಯ, ಕಿವಿಯ ಬಳಿಯ ಮುರಿತ



ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂಥ ಹೋಬಳಿಯ ಊರಿನಲ್ಲಿ ಮಗು ಬೀಳುವುದಕ್ಕೆ ಎಡೆಗಳು ಹಲವು: ಮನೆಯ ಜಗಲಿ, ಬಚ್ಚಲ ಕಲ್ಲು, ಹುಣಿಸೆಯ ಕೊಂಬೆ, ಅಣ್ಣನ ಸೈಕಲ್ಲು, ಅಪ್ಪನ ಬೈಕಿನ ಪೆಟ್ರೋಲ್ ಟ್ಯಾಂಕು. ಬಿದ್ದ ಮಗುವನ್ನೆತ್ತಿ ಮುಖ ತೊಳೆದು, "ಎಳೆಯ ಮೂಳೆ, ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವೂ ಉಂಟು, ಅಪಾಯವೂ ಉಂಟು.

ಮೊದಲು ಸತ್ಯವನ್ನು ನೋಡೋಣ. ಹುಟ್ಟಿದ ಶಿಶುವಿನ ತಲೆಬುರುಡೆ ಅದರ ಮುಖದ ಸುಮಾರು ಎಂಟರಷ್ಟು ದೊಡ್ಡದು. ವಯಸ್ಕರಲ್ಲಿ ಎರಡೂವರೆಯಷ್ಟು ಮಾತ್ರ. ಆದ್ದರಿಂದ ಪುಟ್ಟ ಮಗು ಮುಗ್ಗರಿಸಿದಾಗ ಮುಂಚಾಚಿದ ಹಣೆಯೇ ಮೊದಲು ಏಟು ತಿನ್ನುತ್ತದೆ. ಮುಖದ ಮೂಳೆಗಳೂ ಹಸಿಕಡ್ಡಿಯಂತೆ ಬಳುಕುತ್ತವೆ. ಐದು ವರ್ಷದೊಳಗೆ ಅವು ಮುರಿಯುವುದು ಅಪರೂಪ. ಶಾಲೆ, ಆಟ, ರಸ್ತೆಗಳ ಪರಿಚಯವಾದಂತೆ ಮುರಿತಗಳು ಹೆಚ್ಚುತ್ತವೆ; ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಚಿಕ್ಕವರಿಗೆ ಬೀಳುವುದೇ ಮುಖ್ಯ ಕಾರಣ. ಬೆಳೆದ ಮಕ್ಕಳಿಗೆ ವಾಹನ, ಆಟ, ಹೊಡೆದಾಟಗಳು. ಮೂಗು ಮತ್ತು ಕೆಳದವಡೆಗಳು ಹೆಚ್ಚಾಗಿ ಮುರಿಯುವ ಮೂಳೆಗಳು.

ಅಪಾಯವಿರುವುದು ಈ ಕೆಳದವಡೆಯಲ್ಲಿ. ಗದ್ದ ಕಲ್ಲಿಗೆ ಬಡಿದಾಗ ಏಟಿನ ಬಲ ದವಡೆಯುದ್ದಕ್ಕೂ ಸಾಗಿ ಕಿವಿಯ ಮುಂದಿನ ಕೀಲನ್ನು ಮುಟ್ಟುತ್ತದೆ. ಗಾಯ ಗದ್ದದಲ್ಲಿ, ಮುರಿತ ಕಿವಿಯ ಬಳಿಯಲ್ಲಿ! ಗದ್ದಕ್ಕೆ ಎರಡು ಹೊಲಿಗೆ ಹಾಕಿಸಿ, ಕೀಲನ್ನು ಯಾರೂ ಗಮನಿಸದೆ ಹೋದರೆ, ಒಳಗೆ ಸೋರಿದ ರಕ್ತ ಹೆಪ್ಪುಗಟ್ಟಿ, ಕ್ರಮೇಣ ಅಲ್ಲಿ ಮೂಳೆ ಬೆಳೆದು ಕೀಲು ಬೆಸೆದುಕೊಳ್ಳಬಹುದು. ವರ್ಷಗಳು ಕಳೆದಂತೆ ಆ ಮಗುವಿಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ದವಡೆಯ ಬೆಳವಣಿಗೆ ಕುಂಠಿತವಾಗಿ ಮುಖ ಸೊಟ್ಟಗಾಗುತ್ತದೆ.

ಬಿದ್ದ ಮಗುವಿಗೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆಯ ಪೆಟ್ಟಿನ ಚಿಕಿತ್ಸೆಯೇ ಮೊದಲು. ಅದಿಲ್ಲವಾದರೆ ಬಾಯಿ ತೆರೆಯಲು ಹೇಳಿ ನೋಡಿ. ಗದ್ದ ಒಂದು ಪಕ್ಕಕ್ಕೆ ಸರಿಯುತ್ತದೆಯೆ? ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವೆ? ಕಿವಿಯ ಮುಂದೆ ನೋವಿದೆಯೆ? ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ದವಡೆಯ ತಜ್ಞರಿದ್ದಾರೆ. ಎಳೆಯ ಮೂಳೆ ಬೇಗ ಕೂಡಿಕೊಳ್ಳುತ್ತದೆ. ತಡಮಾಡಿದರೆ ಓರೆಯಾಗಿಯೇ ಕೂಡೀತು. ಕೀಲಿನ ಮುರಿತವಾದ ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ದಿನ ಗಂಜಿಯಂಥ ಮೆತ್ತನೆಯ ಆಹಾರ, ಬಳಿಕ ವೈದ್ಯರು ಹೇಳಿದಂತೆ ಬಾಯಿಗೆ ವ್ಯಾಯಾಮ, ಬೆಳೆಯುವವರೆಗೆ ಆಗಾಗ ತಪಾಸಣೆ, ಇಷ್ಟೇ.

ಬೈಕಿನ ಮೇಲೆ ಕೂರುವ ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೂ ಚಿಕ್ಕವರಿಗೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಪಕ್ಕದ ಊರಿಗಲ್ಲವೆ ಎಂದು ಉದಾಸೀನ ಮಾಡಬೇಡಿ.

ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮಗುವನ್ನು ಮಡಿಲಿಗೆ ಕರೆದು, "ಎಲ್ಲಿ, ಒಂದು ಸಲ ಆ ಅನ್ನು ಕಂದಾ" ಎನ್ನಿ. ಮನೆಯ ಅಜ್ಜಿಯೂ ಮಾಡಬಹುದಾದ ಪರೀಕ್ಷೆ ಅದು. ಮುಂದೆ ಆ ಮಗು ಬಾಯ್ತುಂಬ ನಗುವಂತಾಗುವುದು ಅದರಿಂದಲೇ ಇರಬಹುದು.